ಜಲಸಾರಿಗೆ: ಪ್ರವಾಸಿಗಿಂತ ಮೊದಲು ನಿತ್ಯ ದಾಟುವವರು ನೆನಪಾಗಲಿ

ಮಾನ್ಯ ಸಂಪಾದಕರೇ,

ನೇತ್ರಾವತಿ ಮತ್ತು ಗುರುಪುರ ನದಿಗಳ ಮೂಲಕ ಬಜಾಲಿನಿಂದ ಮರವೂರಿನವರೆಗೆ ಸುಮಾರು 30 ಕಿ.ಮೀ. ಉದ್ದದ ಜಲಮೆಟ್ರೋ (ಮೆಟ್ರೋ ರೈಲಿನಂತೆ ನಿಲ್ದಾಣದಿಂದ ನಿಲ್ದಾಣಕ್ಕೆ ಓಡುವ ದೋಣಿ) ಓಡಿಸುವ ಮಂಗಳೂರಿನ ಪ್ರಸ್ತಾವದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿದೆ. ತೆಂಕಣದ ಕೊಚ್ಚಿಯಲ್ಲಿ 2023ರಿಂದಲೇ ಜಲಮೆಟ್ರೋ ಓಡುತ್ತಿದೆ. ಇವೆರಡು ನಗರಗಳ ನಡುವೆ ಇರುವ ಕಾಸರಗೋಡಿನವರು ನಮ್ಮ ಚಂದ್ರಗಿರಿ ಹೊಳೆಗೂ ಒಂದು ಜಲಟ್ಯಾಕ್ಸಿ ಬರಲಿ ಎಂದು ಕೇಳತೊಡಗಿರುವುದು ಸಹಜವೇ ಆಗಿದೆ. ಬೇಡಿಕೆಗೆ ನನ್ನ ವಿರೋಧವಿಲ್ಲ. ಆದರೆ ಅದನ್ನು ಮುಂದಿಡುತ್ತಿರುವ ಕ್ರಮ ತಲೆಕೆಳಗಾಗಿದೆ ಎಂದು ನನಗನ್ನಿಸುತ್ತದೆ. ಬೇಕಲ ಕೋಟೆಗೆ ಬರುವ ಪ್ರವಾಸಿಗರು, ಸೂರ್ಯಾಸ್ತ, ಹೌಸ್‌ಬೋಟು, ರೆಸಾರ್ಟು ಎಂದು ಮಾತು ಆರಂಭವಾಗುತ್ತದೆ. ಬೆಳಗಾದರೆ ಹೊಳೆಯ ಆಚೆ ದಡಕ್ಕೆ ಹೋಗಲೇಬೇಕಾದ ಶಾಲೆಯ ಮಕ್ಕಳು, ಮೀನು ಮಾರುವ ಹೆಂಗಸರು, ಆಸ್ಪತ್ರೆಗೆ ಹೊರಟ ವೃದ್ಧರು ಆ ಮಾತಿನ ಕೊನೆಗೂ ಬರುವುದಿಲ್ಲ. ಜಲಸಾರಿಗೆ ಎಲ್ಲಿ ನೆಲೆನಿಂತಿದೆಯೋ ಅಲ್ಲಿ ಅದು ನಿತ್ಯ ದಾಟುವವರಿಂದ ನಿಂತಿದೆ ಎಂಬುದನ್ನೂ, ಎಲ್ಲಿ ಮುಗ್ಗರಿಸಿದೆಯೋ ಅಲ್ಲಿ ಅವರನ್ನು ಮರೆತು ಮುಗ್ಗರಿಸಿದೆ ಎಂಬುದನ್ನೂ ಓದುಗರ ಮುಂದಿಡಲು ಈ ಪತ್ರ.

ಕೊಚ್ಚಿಯ ಯೋಜನೆಯನ್ನು ಎಲ್ಲರೂ ಹೊಗಳುತ್ತಾರೆ. ಅದು ಹೇಗೆ ನಡೆಯುತ್ತಿದೆ ಎಂಬುದನ್ನು ನೋಡುವವರು ಕಡಿಮೆ. ಸುಮಾರು 1,137 ಕೋಟಿ ರೂಪಾಯಿ ವೆಚ್ಚದ, ಜರ್ಮನಿಯ ಕೆ.ಎಫ್.ಡಬ್ಲ್ಯೂ. ಬ್ಯಾಂಕಿನ ಸಾಲದ ನೆರವು ಪಡೆದ ಈ ಯೋಜನೆ ಹತ್ತು ದ್ವೀಪಗಳನ್ನು 15 ಮಾರ್ಗಗಳಲ್ಲಿ, 38 ನಿಲ್ದಾಣಗಳ ಮೂಲಕ, 78 ದೋಣಿಗಳಿಂದ ಜೋಡಿಸಬೇಕೆಂಬ ಉದ್ದೇಶದ್ದು. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದಾಗ ತೆರೆದದ್ದು ಎರಡೇ ಮಾರ್ಗಗಳು: ಒಂದು ಹೈಕೋರ್ಟಿನಿಂದ ವೈಪಿನ್‌ಗೆ, ಇನ್ನೊಂದು ವೈಟ್ಟಿಲದಿಂದ ಕಾಕ್ಕನಾಡಿಗೆ. ಪ್ರವಾಸಿಗರು ಮುಗಿಬೀಳುವ ಫೋರ್ಟ್ ಕೊಚ್ಚಿಯ ಮಾರ್ಗ ತೆರೆದದ್ದು ಒಂದು ವರ್ಷದ ಬಳಿಕ, 2024ರ ಏಪ್ರಿಲಿನಲ್ಲಿ. ನಿಲ್ದಾಣ ಸಿದ್ಧವಾಗಲು ತಡವಾದದ್ದೂ ಇದಕ್ಕೆ ಕಾರಣವಿರಬಹುದು; ಆದರೂ ಮೊದಲ ವರ್ಷ ಆ ಎರಡು ಮಾರ್ಗಗಳ ದೋಣಿಗಳನ್ನು ತುಂಬಿಸಿದವರಲ್ಲಿ ನಗರಕ್ಕೆ ದುಡಿಯಲು ಬರುವ ದ್ವೀಪವಾಸಿಗಳೂ, ಕಾಕ್ಕನಾಡಿನ ಕಚೇರಿಗಳಿಗೆ ಹೋಗುವವರೂ ಇದ್ದರು. ಕನಿಷ್ಠ ಟಿಕೆಟ್ 20 ರೂಪಾಯಿ, ಗರಿಷ್ಠ 40 ರೂಪಾಯಿ ಎಂದು ಆರಂಭದಲ್ಲೇ ನಿಗದಿ ಮಾಡಿದ್ದರಿಂದ ಇದು ಸಾಧ್ಯವಾಯಿತು. ಎರಡು ವರ್ಷಗಳಲ್ಲಿ 40 ಲಕ್ಷ ಪ್ರಯಾಣಿಕರು ಎಂಬ ಲೆಕ್ಕದ ಹಿಂದೆ ಇರುವ ಬಲ ಈ ದರದ್ದು.

ಅಲ್ಲಿ ನನ್ನ ಗಮನ ಸೆಳೆದದ್ದು ದೋಣಿಯ ಎ.ಸಿ.ಯಾಗಲಿ, ದೊಡ್ಡ ಗಾಜಿನ ಕಿಟಕಿಯಾಗಲಿ ಅಲ್ಲ, ದೋಣಿಗೆ ಹತ್ತುವ ಜಾಗ. ನಮ್ಮ ಕಡೆಯ ಹಳೆಯ ಕಡವುಗಳಲ್ಲಿ ಕಲ್ಲಿನ ಮೆಟ್ಟಿಲುಗಳಿರುತ್ತವೆ. ಉಬ್ಬರದ ಹೊತ್ತಿಗೆ ದೋಣಿ ಮೇಲಿನ ಮೆಟ್ಟಿಲಿಗೆ ಬಂದು ತಾಗುತ್ತದೆ. ಇಳಿತದ ಹೊತ್ತಿಗೆ ಅದೇ ದೋಣಿ ಮೂರು ನಾಲ್ಕು ಮೆಟ್ಟಿಲು ಕೆಳಗಿರುತ್ತದೆ. ಆ ಮೆಟ್ಟಿಲುಗಳ ಮೇಲೆ ಪಾಚಿ, ಕೆಳಗೆ ಕೆಸರು. ಅಂಬಿಗ ಕೈ ಚಾಚಿ, ಮೊದಲೇ ಕುಳಿತವರಲ್ಲಿ ಒಬ್ಬರು ಎದ್ದು ಇನ್ನೊಂದು ಕೈ ಹಿಡಿದು, ಮುದುಕಿಯೊಬ್ಬಳನ್ನು ಒಳಗೆ ಎಳೆದುಕೊಳ್ಳುವಷ್ಟರಲ್ಲಿ ದೋಣಿ ಹೊಯ್ದಾಡಿ ಎಲ್ಲರ ಜೀವ ಬಾಯಿಗೆ ಬರುತ್ತದೆ. ಕೊಚ್ಚಿಯಲ್ಲಿ ನಿಲ್ದಾಣದ ಮುಂದೆ ತೇಲುವ ಕಟ್ಟೆಯೊಂದನ್ನು ಕಟ್ಟಿದ್ದಾರೆ. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಹಾಗಾಗಿ ಕಟ್ಟೆಯ ಮಟ್ಟ ಮತ್ತು ದೋಣಿಯ ನೆಲದ ಮಟ್ಟ ಸದಾ ಒಂದೇ. ಗಾಲಿಕುರ್ಚಿಯಲ್ಲಿ ಕುಳಿತವರು ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಬಹುದು. ಕಾಲುನೋವಿನಿಂದ ವರ್ಷಗಟ್ಟಲೆ ದೋಣಿ ಹತ್ತುವುದನ್ನೇ ಬಿಟ್ಟಿದ್ದವರಿಗೆ ಹೊಳೆಯನ್ನು ಮರಳಿ ಕೊಟ್ಟದ್ದು ಈ ಕಟ್ಟೆ. ಕಾಸರಗೋಡಿಗೆ ಕೊಚ್ಚಿಯಿಂದ ಒಂದೇ ಒಂದು ವಸ್ತು ತರುವುದಾದರೆ ಇದನ್ನು ತರಬೇಕು, ಎ.ಸಿ. ಇಲ್ಲದಿದ್ದರೂ ನಡೆಯುತ್ತದೆ.

ಸೇತುವೆ ಇರುವಲ್ಲಿ ದೋಣಿ ಯಾತಕ್ಕೆ ಎಂದು ಕೇಳುವವರಿದ್ದಾರೆ. ಚಂದ್ರಗಿರಿಗೆ ಸೇತುವೆ ಇದೆ, ನಿಜ. ಆದರೆ ವೈಪಿನ್ ದ್ವೀಪಕ್ಕೂ ಸೇತುವೆ ಇದೆ. ಗೋಶ್ರೀ ಸೇತುವೆಗಳು 2004ರಲ್ಲೇ ಸಂಚಾರಕ್ಕೆ ತೆರೆದುಕೊಂಡವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯಂತೆ ಆ ಭಾಗದ ಹಳೆಯ ದೋಣಿಗಳು ಒಂದೊಂದಾಗಿ ಮೂಲೆಗೆ ಸರಿದವು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಸೇತುವೆಯ ಮೇಲೆ ವಾಹನಗಳ ಸಾಲು ಬೆಳೆದು, ಅದೇ ವೈಪಿನ್‌ನ ಜನ ಹೊಸ ದೋಣಿಗೆ ಸರತಿ ನಿಂತರು. ಸೇತುವೆ ವಾಹನವಿದ್ದವರಿಗೆ ದಾರಿ. ನಡೆದು ಹೋಗುವವರಿಗೆ ಅದು ಸೇತುವೆಯವರೆಗೆ ಒಂದು ದಾರಿ, ಸೇತುವೆಯ ಮೇಲೊಂದು ದಾರಿ, ಅಲ್ಲಿಂದ ಮತ್ತೊಂದು ದಾರಿ. ತಲಪಾಡಿಯಿಂದ ಈಚೆಗೆ ಆರು ಪಥದ ಹೆದ್ದಾರಿ ಬಂದ ಮೇಲೆ ಇದು ನಮಗೆ ಇನ್ನಷ್ಟು ಚೆನ್ನಾಗಿ ಅರ್ಥವಾಗಿದೆ. ಕಣ್ಣೆದುರಿಗೆ ಕಾಣುವ ಆಚೆ ಬದಿಯ ಅಂಗಡಿಗೆ ಹೋಗಲು ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಬರಬೇಕಾದ ಹಳ್ಳಿಗಳು ನಮ್ಮಲ್ಲಿ ಎಷ್ಟಿಲ್ಲ?

ಇದಕ್ಕೆ ವಿರುದ್ಧವಾದ ಉದಾಹರಣೆ ಮುಂಬೈಯದು. 2022ರ ಫೆಬ್ರವರಿ 17ರಂದು ಅಲ್ಲಿ ಜಲಟ್ಯಾಕ್ಸಿ ಆರಂಭವಾಯಿತು. ನವಿ ಮುಂಬೈಯ ಬೇಲಾಪುರದಿಂದ ದಕ್ಷಿಣ ಮುಂಬೈಗೆ ರಸ್ತೆಯಲ್ಲಿ ತಾಸುಗಟ್ಟಲೆ ಹಿಡಿಯುವ ಪ್ರಯಾಣ ಅರ್ಧ ತಾಸಿನಲ್ಲಿ ಮುಗಿಯುತ್ತದೆ ಎಂದರು. ಸ್ಪೀಡ್‌ಬೋಟಿನ ದರ ಎಂಟುನೂರು ರೂಪಾಯಿಗೂ ಮೇಲೆ. ದೊಡ್ಡ ದೋಣಿಗೆ 290 ರೂಪಾಯಿ. ಲೋಕಲ್ ರೈಲಿನ ಪಾಸು ಹಿಡಿದು ದುಡಿಯಲು ಹೋಗುವ ಮುಂಬೈಕರರು ಆ ಕಡೆ ತಿರುಗಿ ನೋಡದಿರುವುದರಲ್ಲಿ ಆಶ್ಚರ್ಯವೇನಿದೆ? ಪ್ರಯಾಣಿಕರಿಲ್ಲದೆ ಸೇವೆ ಕುಂಟಿತು. ಸಾಲದ್ದಕ್ಕೆ ಜೆಟ್ಟಿಯಲ್ಲಿ ಇಳಿದ ಮೇಲೆ ಕಚೇರಿಗೆ ಹೋಗಲು ಮತ್ತೆ ಟ್ಯಾಕ್ಸಿ ಹಿಡಿಯಬೇಕಿತ್ತು. ಕೊಚ್ಚಿಯ ಕಾಕ್ಕನಾಡಿನಲ್ಲೂ ಇದೇ ತೊಡಕಿತ್ತು, ಜೆಟ್ಟಿಗೂ ಐ.ಟಿ. ಕಚೇರಿಗಳಿಗೂ ದೂರ, ಅಲ್ಲಿ ಜೆಟ್ಟಿಯಿಂದ ಕಚೇರಿಗಳಿಗೆ ಸಂಪರ್ಕ ವಾಹನಗಳನ್ನು ಒದಗಿಸಿ ಅದನ್ನು ನೀಗಿಸಲು ಯತ್ನಿಸಿದರು. ದೋಣಿಯ ವೇಗ ಎಷ್ಟೇ ಇರಲಿ, ದಡದಲ್ಲಿ ಕಾಯುವ ಹೊತ್ತು ಅದನ್ನೆಲ್ಲ ನುಂಗಿಹಾಕುತ್ತದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಕೇರಳದ 44 ನದಿಗಳಲ್ಲಿ 12 ನಮ್ಮಲ್ಲೇ ಇವೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಬಡಗಣದಿಂದ ಎಣಿಸುತ್ತ ಹೋದರೆ ಹೆದ್ದಾರಿಯ ಪ್ರಯಾಣದಲ್ಲಿ ಸ್ವಲ್ಪ ಸ್ವಲ್ಪ ಹೊತ್ತಿಗೊಂದು ಸೇತುವೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಪಯಸ್ವಿನಿ ಎಂಬ ಹೆಸರಿನಿಂದ ಸುಳ್ಯದ ಮೂಲಕ ಹರಿದು ಬರುವ ಚಂದ್ರಗಿರಿ ಇವುಗಳಲ್ಲಿ ದೊಡ್ಡದು. ಆದರೆ ಸರಕಾರದ ಜಲಸಾರಿಗೆಯ ನಕ್ಷೆಯಲ್ಲಿ ಈ ಹೊಳೆಗಳಿಲ್ಲ. 1968ರಲ್ಲಿ ಸ್ಥಾಪನೆಯಾದ, ಆಲಪ್ಪುಳದಲ್ಲಿ ಕೇಂದ್ರ ಕಚೇರಿಯುಳ್ಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ನಮ್ಮ ಜಿಲ್ಲೆಯಲ್ಲಿ ಓಡುತ್ತ ಬಂದಿರುವುದು ತೆಂಕಣ ತುದಿಯ ಕವ್ವಾಯಿ ಹಿನ್ನೀರಿನಲ್ಲಿ, ನೀಲೇಶ್ವರ ಸಮೀಪದ ಕೋಟ್ಟಪ್ಪುರದಿಂದ ತೃಕ್ಕರಿಪುರದ ಕಡೆಯ ಆಯಿಟ್ಟಿಯ ದಾರಿಯಲ್ಲಿ. ಕೋವಳದಿಂದ ಹೊರಡುವ 616 ಕಿ.ಮೀ. ಉದ್ದದ ಪಶ್ಚಿಮ ಕರಾವಳಿ ಜಲಮಾರ್ಗ ಬೇಕಲದಲ್ಲಿ ಮುಗಿಯುತ್ತದೆ. ಚಂದ್ರಗಿರಿ ಅದರ ಆಚೆಗೇ ಉಳಿಯಿತು. ಹೀಗೆ ಇಲಾಖೆಯ ದೋಣಿಯೂ ಬಡಗಣಕ್ಕೆ ಬರುವುದಿಲ್ಲ, ಜಲಮಾರ್ಗವೂ ಬರುವುದಿಲ್ಲ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕಾಸರಗೋಡು, ಮಂಜೇಶ್ವರ ತಾಲೂಕುಗಳು ಈ ಯೋಜನೆಗಳ ಲೆಕ್ಕದಿಂದ ಹೊರಗುಳಿದವು. ಇದನ್ನು ಭಾಷೆಯ ತಾರತಮ್ಯವೆಂದು ಕೂಗಾಡಲು ನಾನು ಸಿದ್ಧನಿಲ್ಲ. ನಮ್ಮ ಹೊಳೆಗಳು ಚಿಕ್ಕವು, ಅಳಿವೆಗಳಲ್ಲಿ ಮರಳು ತುಂಬಿಕೊಳ್ಳುತ್ತದೆ ಎಂಬ ಕಾರಣಗಳೂ ಇವೆ. ಆದರೂ ನಮ್ಮ ಜನಪ್ರತಿನಿಧಿಗಳು ಒಮ್ಮೆಯಾದರೂ ಗಟ್ಟಿಯಾಗಿ ಕೇಳಿದ್ದರೇ ಎಂಬ ಪ್ರಶ್ನೆ ಉಳಿಯುತ್ತದೆ.

ತೆಂಕಣದ ವಲಿಯಪರಂಬ ಪಂಚಾಯತನ್ನು ನಾವು ಎಚ್ಚರದಿಂದ ನೋಡಬೇಕು, ಏಕೆಂದರೆ ಜಲಸಾರಿಗೆ ಎಂದರೆ ಏನೆಂಬುದಕ್ಕೆ ಜಿಲ್ಲೆಯೊಳಗಿನ ಉತ್ತರ ಅಲ್ಲಿದೆ. ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಕವ್ವಾಯಿ ಹಿನ್ನೀರು. ನಡುವೆ ಸುಮಾರು 24 ಕಿ.ಮೀ. ಉದ್ದಕ್ಕೆ ಮಲಗಿರುವ ಕಿರಿದಾದ ಮರಳುದಿಬ್ಬದ ಮೇಲೆ ಒಂದಿಡೀ ಪಂಚಾಯತು. ಅಲ್ಲಿನವರಿಗೆ ಆಚೆ ದಡಕ್ಕೆ ಹೋಗುವುದು ವಿಹಾರವಾಗಿರಲಿಲ್ಲ. ರೇಷನ್ ಅಂಗಡಿ, ಹೈಸ್ಕೂಲು, ಹೆರಿಗೆ, ಮದುವೆ ಯಾವುದಕ್ಕೂ ನೀರು ದಾಟಬೇಕಿತ್ತು. ಈಚೆಗೆ ಅಲ್ಲಲ್ಲಿ ಸೇತುವೆಗಳಾಗಿವೆ. ಆದರೆ ಮಾಡಕ್ಕಾಲಿನ ತೂಗುಸೇತುವೆಯ ಕಥೆಯನ್ನು ಆ ಭಾಗದವರು ಮರೆತಿಲ್ಲ. 2013ರ ಏಪ್ರಿಲಿನಲ್ಲಿ ಉದ್ಘಾಟನೆಯಾದ ಆ ಸೇತುವೆ ಜೂನ್ ಮುಗಿಯುವ ಮೊದಲೇ ಹಿನ್ನೀರಿಗೆ ಕುಸಿದು ಬಿತ್ತು. ದೋಣಿಯ ದಿನಗಳು ಮುಗಿದವೆಂದುಕೊಂಡಿದ್ದವರು ಮತ್ತೆ ದೋಣಿಯನ್ನೇ ನೆಚ್ಚಬೇಕಾಯಿತು. ಸೇತುವೆ ಬಂತೆಂದು ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕುವ ಅವಸರ ಬೇಡ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಅದೇ ಹಿನ್ನೀರಿನಲ್ಲಿ ಇಂದು ಹೌಸ್‌ಬೋಟುಗಳೂ ಓಡುತ್ತಿವೆ. ಓಡಲಿ, ಊರಿನ ನಾಲ್ಕು ಮಂದಿಗೆ ಕೆಲಸವಾಗುತ್ತದೆ. ಪ್ರವಾಸೋದ್ಯಮವೆಂದರೆ ಎಲೆಯ ತುದಿಯ ಉಪ್ಪಿನಕಾಯಿ; ಅದನ್ನೇ ಬಡಿಸಿ ಊಟವಾಯಿತೆನ್ನಬಾರದು. ಮಳೆಗಾಲದ ಮೂರು ನಾಲ್ಕು ತಿಂಗಳು ಪ್ರವಾಸಿ ಬರುವುದಿಲ್ಲ. ನಮ್ಮ ಹೊಳೆಗಳನ್ನು ದಾಟುವುದು ಕಷ್ಟವಾಗುವುದೂ, ದಾಟಲೇಬೇಕಾಗುವುದೂ ಆ ತಿಂಗಳುಗಳಲ್ಲೇ. ಶಾಲೆಗಳು ತೆರೆಯುವುದು ಜೂನಿನಲ್ಲಿ ಎಂಬುದನ್ನು ಯೋಜನೆ ಬರೆಯುವವರು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಲಿ.

ಚಂದ್ರಗಿರಿಯಲ್ಲಿ ಏನು ಮಾಡಬಹುದು? ಕೊಚ್ಚಿಯಂತೆ ನೂರು ಜನ ಹಿಡಿಯುವ ದೋಣಿಗಳ ಸಾಲು ಇಲ್ಲಿಗೆ ಬೇಕಿಲ್ಲ. ತಂದರೆ ಅದು ಬಿಳಿಯಾನೆಯಾದೀತು. ಬಡಗು ದಡದಲ್ಲಿ ತಳಂಗರೆ, ಮಾಲಿಕ್ ದೀನಾರ್ ಮಸೀದಿಯ ಕಾರಣದಿಂದ ದೂರದೂರದವರೂ ಬರುವ ಊರು. ಅದರ ಪಡುವಣಕ್ಕೆ ಸಮುದ್ರಕ್ಕೂ ಹೊಳೆಗೂ ನಡುವೆ ಚಾಚಿಕೊಂಡಿರುವ ಕಸಬಾ ಕಡಪ್ಪುರ, ಮೀನುಗಾರರ ನೆಲೆ. ತೆಂಕು ದಡದಲ್ಲಿ ಕೀಯೂರು, ಮೇಲ್ದಂಡೆಯಲ್ಲಿ ಚೆಮ್ನಾಡು, ದಿಬ್ಬದ ಮೇಲೆ ಚಂದ್ರಗಿರಿ ಕೋಟೆ. ಈ ಊರುಗಳ ಜನ ಪರಸ್ಪರ ನೆಂಟರು, ಒಬ್ಬರ ಜಾತ್ರೆ, ಉರೂಸು, ಮದುವೆಗಳಿಗೆ ಇನ್ನೊಬ್ಬರು ಹೋಗಿ ಬರುವವರು. ಇಪ್ಪತ್ತೈದು ಮೂವತ್ತು ಮಂದಿ ಕೂರುವ ಎರಡು ದೋಣಿಗಳನ್ನು, ಬೆಳಿಗ್ಗೆ ಮತ್ತು ಸಂಜೆ ಶಾಲೆ, ಕಚೇರಿ, ಮೀನು ಮಾರುಕಟ್ಟೆಯ ಹೊತ್ತಿಗೆ ಹೊಂದಿಸಿ, ಒಂದು ವರ್ಷ ಪ್ರಯೋಗಕ್ಕಾಗಿ ಓಡಿಸಿ ನೋಡುವುದು ಸಾಧ್ಯವಾಗುವ ಮಾತು. ಎರಡು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಒಂದು ಕೆಟ್ಟು ನಿಂತಾಗ ಇನ್ನೊಂದು ಇಲ್ಲದಿದ್ದರೆ ಜನ ಮೂರನೆಯ ದಿನಕ್ಕೆ ಬಸ್ಸಿನ ದಾರಿ ಹಿಡಿಯುತ್ತಾರೆ, ಮತ್ತೆ ಮರಳುವುದಿಲ್ಲ. ಫೋರ್ಟ್ ಕೊಚ್ಚಿ ಮತ್ತು ವೈಪಿನ್ ನಡುವೆ ವಾಹನಗಳನ್ನೂ ಹೊತ್ತು ದಾಟುವ ರೋ-ರೋ ನೌಕೆಗಳು 2018ರಲ್ಲಿ ಬಂದಾಗ ಇದ್ದದ್ದು ಎರಡೇ. ಒಂದು ರಿಪೇರಿಗೆ ಹೋದಾಗಲೆಲ್ಲ ದಡದಲ್ಲಿ ಸಾಲು ಬೆಳೆದದ್ದನ್ನು ಮಲಯಾಳ ಪತ್ರಿಕೆಗಳು ಬೇಸರ ಬರುವಷ್ಟು ಬರೆದಿವೆ.

ಮೀನು ಮಾರುವ ಹೆಂಗಸರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಸುಕಿನಲ್ಲಿ ಕಡಪ್ಪುರಕ್ಕೆ ಬಂದು, ದೋಣಿ ದಡ ಸೇರಿದ ಕೂಡಲೇ ಏಲದಲ್ಲಿ ಮೀನು ಹಿಡಿದು, ಬುಟ್ಟಿಗೆ ಮಂಜುಗಡ್ಡೆಯ ಚೂರು ಸುರಿದು, ಬಿಸಿಲೇರುವ ಮೊದಲು ಮನೆಮನೆ ತಲುಪಬೇಕಾದವರು ಇವರು. ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತದೆಂದು ಬಸ್ಸಿನಲ್ಲಿ ಮುಖ ಸಿಂಡರಿಸುವವರೇ ಹೆಚ್ಚು. ಕೈ ತೋರಿಸಿದರೂ ನಿಲ್ಲಿಸದೆ ಹೋಗುವುದುಂಟು. ಕೊನೆಗೆ ನಾಲ್ಕಾರು ಮಂದಿ ಸೇರಿ ಆಟೋ ಹಿಡಿದರೆ ದಿನದ ಲಾಭದ ಒಂದು ಪಾಲು ಬಾಡಿಗೆಗೆ ಹೋಯಿತು. ತಿರುವನಂತಪುರದಲ್ಲಿ ಇಂಥವರಿಗಾಗಿಯೇ 2021ರಲ್ಲಿ ಕೆ.ಎಸ್.ಆರ್.ಟಿ.ಸಿ.ಯ ‘ಸಮುದ್ರ’ ಬಸ್ಸುಗಳನ್ನು ಉಚಿತವಾಗಿ ಓಡಿಸತೊಡಗಿದರು. ರಾಜಧಾನಿಯ ಮೀನುಗಾರ ಹೆಂಗಸರಿಗೆ ಸಲ್ಲುವ ಸೌಕರ್ಯ ರಾಜ್ಯದ ಬಡಗಣ ತುದಿಯವರಿಗೂ ಸಲ್ಲಬೇಕು. ಚಂದ್ರಗಿರಿಯ ದೋಣಿಯ ಹಿಂಭಾಗದಲ್ಲಿ ಬುಟ್ಟಿ ಇಡಲು ತಗ್ಗಾದ, ನೀರು ಹರಿದುಹೋಗುವಂಥ ಒಂದು ಜಾಗ ಬಿಟ್ಟರೆ ಸಾಕು. ಆ ಬುಟ್ಟಿಗೆ ಬೇರೆ ಟಿಕೆಟ್ ಹರಿಯಬಾರದು. ಬೆಂಚುಗಳಿಗೆ ಮೆತ್ತೆ ಹೊದಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಡೀಸೆಲ್ ದೋಣಿ ಓಡಿಸಿ ಲಾಭ ಮಾಡಲು ಇಲಾಖೆಗೆ ಎಂದೂ ಆಗಿಲ್ಲ, ಆಗುವುದೂ ಇಲ್ಲ. ಇದಕ್ಕೊಂದು ದಾರಿಯನ್ನು ಅದೇ ಇಲಾಖೆ 2017ರ ಜನವರಿಯಲ್ಲಿ ತೋರಿಸಿಕೊಟ್ಟಿದೆ. ವೈಕ್ಕಂ ಮತ್ತು ತವಣಕ್ಕಡವಿನ ನಡುವೆ ಸುಮಾರು ಎರಡೂವರೆ ಕಿ.ಮೀ. ವೇಂಬನಾಡ್ ಹಿನ್ನೀರನ್ನು ದಾಟುವ ‘ಆದಿತ್ಯ’ ದೇಶದ ಮೊದಲ ಸೌರಶಕ್ತಿ ಫೆರಿ. 75 ಆಸನಗಳ ಈ ದೋಣಿಯ ಚಾವಣಿಯ ತುಂಬ ಸೌರಫಲಕಗಳು, ಕೆಳಗೆ ಬ್ಯಾಟರಿ. ಅದೇ ದಾರಿಯಲ್ಲಿ ಓಡುತ್ತಿದ್ದ ಡೀಸೆಲ್ ದೋಣಿಗೆ ದಿನಕ್ಕೆ ಸಾವಿರಾರು ರೂಪಾಯಿಯ ಇಂಧನ ಬೇಕಾಗುತ್ತಿದ್ದರೆ, ಇದಕ್ಕೆ ತಗಲುವ ವಿದ್ಯುತ್ತಿನ ಖರ್ಚು ಕೆಲವೇ ನೂರು ರೂಪಾಯಿ. ಹೊಗೆಯಿಲ್ಲ, ನೀರಿನ ಮೇಲೆ ಎಣ್ಣೆಯ ಪದರವಿಲ್ಲ, ಕಿವಿಗಡಚಿಕ್ಕುವ ಸದ್ದಿಲ್ಲ. ಪಕ್ಕದವರೊಡನೆ ಸಾಮಾನ್ಯ ದನಿಯಲ್ಲಿ ಮಾತನಾಡಬಹುದು. ಮರುವಾಯಿ (ಚಿಪ್ಪುಮೀನು) ಹೆಕ್ಕುವವರೂ ಬಲೆ ಬೀಸುವವರೂ ಬದುಕುವ ನಮ್ಮ ಅಳಿವೆಗಳಿಗೆ ಇಂಥ ದೋಣಿಯೇ ತಕ್ಕದ್ದು. ಮೋಡ ಕವಿದ ಆಷಾಢದಲ್ಲಿ ಸೌರಫಲಕ ಏನು ಮಾಡೀತು ಎಂಬ ಸಂಶಯ ನ್ಯಾಯವಾದದ್ದೇ. ಅದಕ್ಕಾಗಿಯೇ ದಡದಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರುತ್ತದೆ. ಕೇರಳದ ಬೇರೆಲ್ಲ ಭಾಗಕ್ಕೂ ಮಳೆಗಾಲ ಬರುತ್ತದಷ್ಟೇ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಕೂಡದು. 2002ರ ಜುಲೈ 27ರಂದು ಮುಹಮ್ಮ ಎಂಬ ಊರಿನಿಂದ ಕುಮರಕಂ ಕಡೆಗೆ ಹೊರಟ ದೋಣಿ ಮುಳುಗಿ 29 ಮಂದಿ ಸತ್ತರು, ಅವರಲ್ಲಿ ಸರಕಾರಿ ಕೆಲಸಕ್ಕಾಗಿ ಪಿ.ಎಸ್‌.ಸಿ. ಪರೀಕ್ಷೆ ಬರೆಯಲು ಹೊರಟವರು ಅನೇಕರಿದ್ದರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ್ದ ವಿಹಾರದೋಣಿ ಮಿತಿಮೀರಿ ಜನರನ್ನು ತುಂಬಿಸಿಕೊಂಡು ಸಂಜೆಗತ್ತಲಲ್ಲಿ ಹೋಗಿ ಮಗುಚಿದಾಗ 22 ಜೀವಗಳು ಹೋದವು. ಆದರೆ ಚಂದ್ರಗಿರಿಗೆ ನೇರವಾಗಿ ಅನ್ವಯಿಸುವುದು ಇವೆರಡಕ್ಕಿಂತ 2015ರ ಆಗಸ್ಟ್ 26ರ ಫೋರ್ಟ್ ಕೊಚ್ಚಿಯ ದುರಂತ. ಅಲ್ಲಿ ಅಳಿವೆಯ ಬಳಿ ಪ್ರಯಾಣಿಕರ ದೋಣಿಗೆ ಮೀನುಗಾರಿಕೆ ದೋಣಿ ಢಿಕ್ಕಿಯಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಚಂದ್ರಗಿರಿಯ ಬಾಯಿಯಲ್ಲೂ ಮೀನುಗಾರಿಕೆ ಬಂದರಿದೆ. ಮೀನು ತುಂಬಿ ಅವಸರದಲ್ಲಿ ಒಳಬರುವ ದೋಣಿಗಳೂ, ಅಡ್ಡ ದಾಟುವ ಪ್ರಯಾಣಿಕರ ದೋಣಿಯೂ ಒಂದೇ ನೀರಿನಲ್ಲಿರುತ್ತವೆ. ಯಾರು ಯಾರಿಗೆ ದಾರಿ ಬಿಡಬೇಕು, ಯಾವ ಹೊತ್ತಿಗೆ ಬಿಡಬೇಕು ಎಂಬುದನ್ನು ಮೀನುಗಾರರ ಸಂಘಗಳೊಡನೆ ಕುಳಿತು ಮೊದಲೇ ಮಾತನಾಡಿಕೊಳ್ಳದಿದ್ದರೆ ಯೋಜನೆಗೆ ಕೈಹಾಕದಿರುವುದೇ ಲೇಸು. ಇಳಿತದ ಸೆಳೆತ, ಮರಳದಿಣ್ಣೆ ಜಾಗ ಬದಲಿಸುವ ಪರಿ, ಮಳೆನೀರು ಕೆಂಪಗೆ ಬರುವ ದಿನಗಳಲ್ಲಿ ಎಲ್ಲಿ ಸುಳಿ ಏಳುತ್ತದೆ ಎಂಬುದೆಲ್ಲ ಅವರಿಗೆ ತಿಳಿದಷ್ಟು ಯಾವ ಸಲಹಾ ಸಂಸ್ಥೆಗೂ ತಿಳಿಯದು. ದೋಣಿ ನಡೆಸುವ ಕೆಲಸವನ್ನೂ ತರಬೇತಿ ಕೊಟ್ಟು, ಪರವಾನಗಿ ಕೊಡಿಸಿ ಅವರ ಮಕ್ಕಳಿಗೇ ವಹಿಸಬಹುದು. ಕಡವಿನ ದೋಣಿ ನಡೆಸುತ್ತಿದ್ದ ಮನೆತನಗಳು ಸೇತುವೆಗಳು ಬಂದ ಮೇಲೆ ಆ ಕಸುಬು ಬಿಟ್ಟವು. ಮರಳ ದೋಣಿಯಲ್ಲಿ ರಾತ್ರಿ ಕದ್ದುಮುಚ್ಚಿ ದುಡಿಯುವುದಕ್ಕಿಂತ ಸರಕಾರಿ ಸಮವಸ್ತ್ರದಲ್ಲಿ ಹಗಲು ದುಡಿಯಲು ಆ ಭಾಗದ ಹುಡುಗರು ಒಲ್ಲೆನ್ನಲಾರರು.

ಆಪತ್ಕಾಲದ ಉಪಯೋಗ ಬೇರೆಯೇ ಇದೆ. 2018ರ ಮಹಾಪ್ರವಾಹದಲ್ಲಿ ಕುಟ್ಟನಾಡಿನ ಜನರನ್ನು ಆಲಪ್ಪುಳ, ಚಂಗನಾಶ್ಶೇರಿಗಳಿಗೆ ಸಾಗಿಸಿದ್ದರಲ್ಲಿ ಜಲಸಾರಿಗೆ ಇಲಾಖೆಯ ದೋಣಿಗಳ ಪಾಲು ದೊಡ್ಡದು. ನಿತ್ಯ ಓಡುವ ದೋಣಿ, ಅದರ ಚಾಲಕ, ಅವನಿಗೆ ಗೊತ್ತಿರುವ ನೀರಿನ ದಾರಿ ಇವು ಸಿದ್ಧವಿದ್ದುದರಿಂದ ಅದು ಸಾಧ್ಯವಾಯಿತು. ನೀರು ಏರಿದ ಮೇಲೆ ಟೆಂಡರು ಕರೆದು ದೋಣಿ ತರಲು ಬರುವುದಿಲ್ಲ. ರಾಜ್ಯಕ್ಕೆ 2020ರಲ್ಲಿ ಬಂದ ಮೂರು ಸಮುದ್ರ ಆಂಬುಲೆನ್ಸುಗಳು ವಿಳಿಂಞಂ, ವೈಪಿನ್, ಬೇಪೂರುಗಳಿಗೆ ಹೋದವು. ಬೇಪೂರಿನಿಂದ ಬಡಗಣಕ್ಕೆ ಅವುಗಳಲ್ಲಿ ಒಂದೂ ಬರಲಿಲ್ಲ. ಚಿಕಿತ್ಸೆಗೆ ಮಂಗಳೂರನ್ನೇ ನಂಬಿರುವ ನಮಗೆ ತಲಪಾಡಿಯ ಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚಿನಲ್ಲಿ ಕಂಡಿದ್ದೇವೆ. ಆ ನೋವನ್ನು ಮತ್ತೆ ಕೆದಕುವುದಿಲ್ಲ.

ಇನ್ನೊಂದು ಮಾತು ಕನ್ನಡದ್ದು. ಕೇರಳದ 1969ರ ರಾಜ್ಯಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ದೋಣಿ ಬಂದರೆ ಅದರ ಹೆಸರು, ವೇಳಾಪಟ್ಟಿ ಕನ್ನಡದಲ್ಲೂ ಇರಬೇಕೆಂದು ನಾವು ಕೇಳುತ್ತೇವೆ, ಕೇಳಬೇಕಾದದ್ದೇ. ಆದರೆ ಅದಕ್ಕಿಂತ ಮೊದಲು ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಕಟ್ಟಿಕೊಳ್ಳಬೇಕು, ಎಷ್ಟು ಮಂದಿಗಿಂತ ಹೆಚ್ಚು ಹತ್ತಬಾರದು ಎಂಬ ಫಲಕ ಮಲಯಾಳದ ಜತೆಗೆ ಕನ್ನಡದಲ್ಲೂ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿ ಇರಬೇಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ತಳಂಗರೆಗೋ ಕೀಯೂರಿಗೋ ಬರುವ, ಮಲಯಾಳ ಓದಲು ಬಾರದ ಹಿರಿಯರಿಗೆ ಅದು ಹೆಮ್ಮೆಯ ವಿಷಯವಲ್ಲ, ಜೀವದ ವಿಷಯ.

ಜಿಲ್ಲಾಡಳಿತ ಈ ನಿಟ್ಟಿನಲ್ಲಿ ಹೆಜ್ಜೆಯಿಡುವುದಾದರೆ ಮೊದಲು ಆಗಬೇಕಾದದ್ದು ಸಮೀಕ್ಷೆ. ಸಲಹಾ ಸಂಸ್ಥೆಯೊಂದು ಎರಡು ದಿನ ಬಂದು ಡ್ರೋನ್ ಹಾರಿಸಿ ಬಣ್ಣದ ಚಿತ್ರಗಳ ವರದಿ ಕೊಡುವ ಸಮೀಕ್ಷೆ ಸಾಲದು. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಉಬ್ಬರ, ಇಳಿತ, ನೀರಿನ ಆಳಗಳನ್ನು ಅಳೆಯಬೇಕು. ನಗರಸಭೆಯ ತಳಂಗರೆ ಭಾಗದ ವಾರ್ಡುಗಳಲ್ಲೂ ಚೆಮ್ನಾಡು ಪಂಚಾಯತಿನಲ್ಲೂ ಮನೆಮನೆಗೆ ಹೋಗಿ ಯಾರು, ಎಲ್ಲಿಗೆ, ಯಾವ ಹೊತ್ತಿಗೆ ಹೋಗುತ್ತಾರೆಂದು ಕೇಳಬೇಕು. ಹೆಂಗಸರ ಸ್ವಸಹಾಯ ಸಂಘಗಳ ಕೂಟವಾದ ಕುಟುಂಬಶ್ರೀಯ ಸದಸ್ಯೆಯರಿಗೆ ಇದನ್ನು ವಹಿಸಿದರೆ ಕೆಲಸ ಅಗ್ಗದಲ್ಲೂ ಆಗುತ್ತದೆ, ಸರಿಯಾಗಿಯೂ ಆಗುತ್ತದೆ. ಶಿರಿಯ, ಮೊಗ್ರಾಲ್ ಅಳಿವೆಗಳ ವಿಷಯ ಆಮೇಲೆ. ಅಲ್ಲಿ ದೋಣಿ ಓಡುವಷ್ಟು ಆಳ ವರ್ಷವಿಡೀ ಇರುತ್ತದೆಯೇ ಎಂಬುದು ಅಳೆದ ಮೇಲೆ ತೀರ್ಮಾನವಾಗಬೇಕಾದ ಸಂಗತಿ.

ಈ ಭಾಗದ ಓದುಗರಲ್ಲಿ ನನ್ನದೊಂದು ವಿನಂತಿ. ತಳಂಗರೆ, ಕಸಬಾ, ಕೀಯೂರು, ಚೆಮ್ನಾಡುಗಳಲ್ಲಿ ಇರುವವರು ತಾವು ದಿನಕ್ಕೆ ಎಷ್ಟು ಸಲ ಸೇತುವೆ ಬಳಸುತ್ತೀರಿ, ಬಸ್ಸಿಗೋ ಆಟೋಗೋ ಎಷ್ಟು ಕೊಡುತ್ತೀರಿ, ದೋಣಿ ಬಂದರೆ ಯಾವ ಕಡವಿನಲ್ಲಿ ಯಾವ ಗಂಟೆಗೆ ಅದು ಬೇಕು ಎಂಬುದನ್ನು ಈ ಅಂಕಣಕ್ಕೆ ನಾಲ್ಕು ಸಾಲು ಬರೆಯಿರಿ. ಸಂಪಾದಕರು ಅವುಗಳಿಗೆ ಸ್ವಲ್ಪ ಜಾಗ ಕೊಟ್ಟರೆ, ಆ ಪತ್ರಗಳನ್ನೇ ಒಟ್ಟುಮಾಡಿ ಮುಂದಿನ ವಾರ್ಡ್ ಸಭೆಗೂ ಗ್ರಾಮಸಭೆಗೂ ಒಪ್ಪಿಸಲು ನಾವು ಕೆಲವರು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿಕ್ಷಕ,
ಕಾಸರಗೋಡು